ಹುಳಕಡ್ಡಿಯಲ್ಲಿ ಹುಳ ಇಲ್ಲ: ಶಿಲೀಂಧ್ರಕ್ಕೆ ಮದ್ದು ಹುಡುಕಿದ ತಿರುಮಲಾಚಾರ್

ತೊಡೆಸಂದಿಯಲ್ಲಿ ಕೆಂಪಗೆ ಉಂಗುರದ ಹಾಗೆ ಹರಡುವ ತುರಿಕೆಗೆ ನಮ್ಮಲ್ಲಿ ಗಜಕರ್ಣ, ಹುಳಕಡ್ಡಿ ಎನ್ನುತ್ತಾರೆ. ಹೆಸರು ಕೇಳಿ ಚರ್ಮದೊಳಗೆ ಹುಳ ಸೇರಿದೆ ಅಂದುಕೊಳ್ಳುವವರು ಈಗಲೂ ಇದ್ದಾರೆ. ಅದು ಹುಳವಲ್ಲ, ಬೂಷ್ಟಿನ ಜಾತಿಯ ಶಿಲೀಂಧ್ರ. ಇಂಥ ಶಿಲೀಂಧ್ರಗಳಿಗೆ ನಮ್ಮ ದೇಶದಲ್ಲೇ ಮದ್ದು ಹುಡುಕಿದ ವಿಜ್ಞಾನಿ ಕರ್ನಾಟಕದ ಎಂ.ಜೆ. ತಿರುಮಲಾಚಾರ್.

1914ರಲ್ಲಿ ಹುಟ್ಟಿದ ಅವರು ವೈದ್ಯರಲ್ಲ. ಎಲೆಗೆ ತಗಲುವ ತುಕ್ಕು ರೋಗ, ತೆನೆಗೆ ಬರುವ ಕಾಡಿಗೆ ರೋಗಗಳ ಶಿಲೀಂಧ್ರ ಗುರುತಿಸುವುದು ಅವರ ಮೊದಲ ಕೆಲಸ. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದರು. ಮುಂದೆ ಪುಣೆ ಬಳಿಯ ಪಿಂಪ್ರಿಯಲ್ಲಿ, ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ಅಲ್ಲಿ ತಯಾರಾಗುತ್ತಿದ್ದ ಪೆನಿಸಿಲಿನ್ ಬ್ಯಾಕ್ಟೀರಿಯಾದ ಗೋಡೆ ಕಟ್ಟದಂತೆ ತಡೆಯುತ್ತದೆ. ಶಿಲೀಂಧ್ರದ ಗೋಡೆ ಬೇರೆಯೇ ವಸ್ತುವಿನದು, ಹಾಗಾಗಿ ಅದಕ್ಕೆ ಏನೂ ಆಗುವುದಿಲ್ಲ. ತೊಡಕು ಇನ್ನೂ ಇದೆ. ಶಿಲೀಂಧ್ರದ ಜೀವಕೋಶ ಬಹಳಷ್ಟು ನಮ್ಮದರಂತೆಯೇ ಇರುವುದರಿಂದ, ಅದನ್ನು ಕೊಲ್ಲುವ ಮದ್ದು ನಮಗೂ ಹಾನಿ ಮಾಡಬಹುದು.

ತಿರುಮಲಾಚಾರ್ ತಂಡ ಉತ್ತರ ಹುಡುಕಿದ್ದು ಮಣ್ಣಿನಲ್ಲಿ. ಮೊದಲ ಮಳೆಗೆ ನೆಲ ಘಮ್ಮೆನ್ನುತ್ತದಲ್ಲ, ಆ ವಾಸನೆಗೆ ಕಾರಣ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು. ಅವುಗಳಲ್ಲೇ ಒಂದು ಬಗೆ, ಪಿಂಪ್ರಿಯ ಹೆಸರು ಹೊತ್ತದ್ದು, ಸುರಿಸುವ ರಾಸಾಯನಿಕವೇ 1961ರ ಸುಮಾರಿಗೆ ಹ್ಯಾಮೈಸಿನ್ ಎಂಬ ಔಷಧವಾಯಿತು. ಶಿಲೀಂಧ್ರದ ಪೊರೆಯಲ್ಲಿ ಎರ್ಗೊಸ್ಟೆರಾಲ್ ಇದೆ, ನಮ್ಮ ಪೊರೆಯಲ್ಲಿ ಕೊಲೆಸ್ಟರಾಲ್. ಇಷ್ಟೇ ವ್ಯತ್ಯಾಸವನ್ನು ಹಿಡಿದು ಹ್ಯಾಮೈಸಿನ್ ಶಿಲೀಂಧ್ರದ ಪೊರೆಯನ್ನು ತೂತು ಮಾಡುತ್ತದೆ. ಬಾಯಲ್ಲಿ ಬಿಳಿ ಪದರ ಕಟ್ಟುವ ಕ್ಯಾಂಡಿಡಾ ಸೋಂಕಿಗೆ ಅದನ್ನು ಹಚ್ಚುತ್ತಿದ್ದರು. ಹೊಟ್ಟೆಗೆ ತೆಗೆದುಕೊಂಡರೆ ಮೈಗೆ ಸರಿಯಾಗಿ ಹತ್ತದಿರುವುದು ಅದರ ದೊಡ್ಡ ಕೊರತೆ.

ಮುಂದೆ ಚರ್ಮದ ಶಿಲೀಂಧ್ರಗಳ ಮೇಲೆ ಡರ್ಮೊಸ್ಟಾಟಿನ್ ಬಂತು, ಬೆಳೆಗಳಿಗೆ ಆರಿಯೋಫಂಜಿನ್. ಕಂಪ್ಲಿಯ ಭತ್ತದ ರೈತರು ಬಲ್ಲ ಬೆಂಕಿ ರೋಗವೂ ಶಿಲೀಂಧ್ರದ್ದೇ.

ಹುಳಕಡ್ಡಿಯ ಶಿಲೀಂಧ್ರ ಚರ್ಮದ ಮೇಲ್ಪದರದ ಕೆರಾಟಿನ್ ತಿಂದು ಬದುಕುತ್ತದೆ. ಬೆವರಿನ ಒದ್ದೆ ಅದಕ್ಕೆ ಅನುಕೂಲ. ಹೊಸಪೇಟೆಯ ಬೇಸಿಗೆ, ಸಂಡೂರಿನ ಗಣಿಯಲ್ಲಿ ದಿನವಿಡೀ ತೊಡುವ ಬೂಟು ಎರಡೂ ಅದಕ್ಕೆ ಹಬ್ಬ. ಒಬ್ಬರ ಟವೆಲ್ ಇನ್ನೊಬ್ಬರು ಬಳಸಿದರೆ ಮನೆಮಂದಿಗೆಲ್ಲ ಅಂಟುತ್ತದೆ. ವೈದ್ಯರನ್ನು ಕೇಳದೆ ಅಂಗಡಿಯಿಂದ ತರುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ನಿಜ. ಆದರೆ ಸ್ಟೀರಾಯ್ಡ್ ಅಡಗಿಸುವುದು ಚರ್ಮದ ಪ್ರತಿರೋಧವನ್ನು, ಶಿಲೀಂಧ್ರ ಒಳಗೊಳಗೇ ಹರಡುತ್ತಾ ಹೋಗುತ್ತದೆ.

ತಿರುಮಲಾಚಾರ್ ಅವರಿಗೆ 1967ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂತು. ಮುಂದೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಜೀರ್‌ಸನ್ನಿಧಿ-ಆ್ಯಂಡರ್ಸನ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದರು. 1999ರಲ್ಲಿ ತೀರಿಕೊಂಡರು.