ಬಳ್ಳಾರಿಯ ಸಂಸದ, 62 ರೂಪಾಯಿಯ ಲೆಕ್ಕ

ಸ್ಕಾಲರ್‌ಶಿಪ್‌ಗೆ ಆದಾಯ ಪ್ರಮಾಣಪತ್ರ ಮಾಡಿಸಿದವರಿಗೆಲ್ಲ ಗೊತ್ತು, ಮನೆಯ ವರ್ಷದ ಆದಾಯ ಇಷ್ಟೇ ಎಂದು ಹೇಳುವುದು ಎಷ್ಟು ಕಷ್ಟವೆಂದು. ಸಂಬಳದವರಿಗೆ ಸ್ಲಿಪ್ ಇರುತ್ತದೆ. ಪೀಸಿಗಿಷ್ಟು ಎಂದು ಜೀನ್ಸ್ ಹೊಲಿಯುವವರಿಗೆ, ಸಿರುಗುಪ್ಪದಲ್ಲಿ ಭತ್ತ ಬೆಳೆದು ಒಂದಷ್ಟು ಮನೆಗೇ ಇಟ್ಟುಕೊಳ್ಳುವವರಿಗೆ ಏನಿರುತ್ತದೆ? ಇದೇ ಪ್ರಶ್ನೆಯನ್ನು ಇಡೀ ದೇಶಕ್ಕೆ ಹಾಕಿಕೊಂಡವರು ಡಾ. ವಿ.ಕೆ.ಆರ್.ವಿ. ರಾವ್. 1967 ಮತ್ತು 1971ರಲ್ಲಿ ಲೋಕಸಭೆಗೆ ಆಯ್ಕೆಯಾದದ್ದು ನಮ್ಮ ಬಳ್ಳಾರಿಯಿಂದಲೇ. ಗಾಂಧಿನಗರದಲ್ಲೇ ಬೆಳೆದ ನನಗೆ ಇದು ತಿಳಿದದ್ದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್‌ನಿಂದ!

1908ರಲ್ಲಿ ಕಾಂಚೀಪುರದಲ್ಲಿ ಹುಟ್ಟಿದ ರಾವ್, ಮುಂಬೈಯಲ್ಲಿ ಓದಿ ಕೇಂಬ್ರಿಜ್‌ಗೆ ಹೋದರು. 1937ರಲ್ಲಿ ಅಲ್ಲಿ ಡಾಕ್ಟರೇಟ್ ಪಡೆದರು. 1931-32ರ ಬ್ರಿಟಿಷ್ ಇಂಡಿಯಾದ ರಾಷ್ಟ್ರೀಯ ಆದಾಯವನ್ನು ಅವರು ಲೆಕ್ಕ ಹಾಕಿದ ಪುಸ್ತಕ ಹೊರಬಂದದ್ದು 1940ರಲ್ಲಿ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಬ್ರಿಟಿಷ್ ಇಂಡಿಯಾದ ಒಳಗಿತ್ತು, ಪಕ್ಕದ ಸಂಡೂರು ಸಂಸ್ಥಾನ ಹೊರಗಿತ್ತು.

ಅವರ ವಿಧಾನ ನನ್ನಂಥ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಹಿಡಿಸುತ್ತದೆ. ಒಂದೇ ಅಳತೆಗೋಲಿಗೆ ಅವರು ಜೋತುಬೀಳಲಿಲ್ಲ. ಹೊಲ, ದನಕರು, ಕಾಡು, ಗಣಿಗಳಿಗೆ ಉತ್ಪನ್ನದ ಬೆಲೆ ಹಿಡಿದು ಖರ್ಚು ಕಳೆದರು. ಹಾಗಾಗಿ ಮಾರದೆ ಮನೆಯಲ್ಲೇ ಉಂಡ ಜೋಳವೂ ಆದಾಯವಾಯಿತು. ವ್ಯಾಪಾರ, ಸಾರಿಗೆ, ಸೇವೆಗಳಿಗೆ ಬಂದಾಗ ಜನ ಗಳಿಸಿದ್ದನ್ನೇ ಕೂಡಿದರು. ಅದಕ್ಕೆ 1931ರ ಜನಗಣತಿಯಲ್ಲಿದ್ದ ಕಸುಬುಗಳ ಅಂಕಿಗಳು ನೆರವಾದವು. ಅವರಿಗಿಂತ ಮೊದಲು ದಾದಾಭಾಯಿ ನವರೋಜಿ ತಲೆಗೆ ವರ್ಷಕ್ಕೆ 20 ರೂಪಾಯಿ ಎಂದಿದ್ದರು. ಆ ಲೆಕ್ಕದಲ್ಲಿ ಸೇವೆಗಳು ಸೇರಿರಲಿಲ್ಲ.

ರಾವ್ ಅವರಿಗೆ ಸಿಕ್ಕ ಉತ್ತರ 62 ರೂಪಾಯಿ. ತಿಂಗಳಿಗೆ ಐದು ರೂಪಾಯಿ ಚಿಲ್ಲರೆ! ಅದೂ ಜಮೀನ್ದಾರನನ್ನೂ ಕೂಲಿಯವನನ್ನೂ ಒಟ್ಟಿಗೆ ಸೇರಿಸಿ ಭಾಗಿಸಿದ ಸರಾಸರಿ. ಬಡತನವೆಂಬುದು ಭಾಷಣದ ಮಾತಾಗಿ ಉಳಿಯದೆ ಅಂಕಿಯಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ ಸರ್ಕಾರ ರಚಿಸಿದ ರಾಷ್ಟ್ರೀಯ ಆದಾಯ ಸಮಿತಿಯಲ್ಲಿ ಮಹಲನೋಬಿಸ್, ಗಾಡ್ಗೀಳರ ಜೊತೆ ರಾವ್ ಕೂಡ ಇದ್ದರು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಿದವರೂ ಅವರೇ.

ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಶುರುವಾದದ್ದು 1969ರಲ್ಲಿ, 37 ವಿಶ್ವವಿದ್ಯಾಲಯಗಳಲ್ಲಿ. ಆಗ ಕೇಂದ್ರ ಶಿಕ್ಷಣ ಸಚಿವರು ರಾವ್. ಕ್ಯಾಂಪಿಗೆ ಹೋಗುವ ಎಷ್ಟು ಜನರಿಗೆ ಇದು ಗೊತ್ತೋ!

ಒಂದು ವರ್ಷದ ಆದಾಯವೆಂದರೆ ಒಂದು ಫೋಟೊ ಇದ್ದಂತೆ. ಹೊಲಿಗೆಯವರ ಮಗಳು ಅಪ್ಪನಿಗಿಂತ ಮೇಲೆ ಬಂದಳೇ ಎಂಬುದು ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ತಲೆಮಾರುಗಳ ಲೆಕ್ಕ ಬೇಕು. 1972ರಲ್ಲಿ ಬೆಂಗಳೂರಿನಲ್ಲಿ ರಾವ್ ಸ್ಥಾಪಿಸಿದ ಸಂಸ್ಥೆಯ ಹೆಸರಿನಲ್ಲೇ ಬದಲಾವಣೆ ಎಂಬ ಮಾತಿದೆ: ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ. 1991ರಲ್ಲಿ ಅವರು ತೀರಿಕೊಂಡರು. ನಾಗರಬಾವಿಯಲ್ಲಿರುವ ಆ ಸಂಸ್ಥೆಯ ಗ್ರಂಥಾಲಯಕ್ಕೆ ಅವರದೇ ಹೆಸರಿದೆ.