ಫಿನಿಯಸ್ ಗೇಜನ ಎರಡು ಬಾಳು

ಕೈಗೆತ್ತಿಕೊಂಡ ಕೆಲಸವನ್ನು ಮುಗಿಸದವನನ್ನು, ಹೇಳಿದ ಹೊತ್ತಿಗೆ ಬಾರದವನನ್ನು, ಮನಸ್ಸಿಗೆ ಬಂದುದನ್ನು ತಡೆಯಿಲ್ಲದೆ ಆಡಿಬಿಡುವವನನ್ನು ಲೋಕವು ಸೋಮಾರಿಯೆಂದೋ ಉಡಾಫೆಯವನೆಂದೋ ಕರೆದು ಸುಮ್ಮನಾಗುತ್ತದೆ. ಅವನ ಸ್ವಭಾವವೇ ಅಷ್ಟು ಎಂದುಬಿಡುವುದು ಸುಲಭ. ಈ ಸುಲಭದ ತೀರ್ಪನ್ನು ಅಲುಗಿಸಿದ ಬಾಳುಗಳಲ್ಲಿ ಒಂದು ಯಾವ ಪಂಡಿತನದೂ ಅಲ್ಲ. ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಒಬ್ಬ ಮೇಸ್ತ್ರಿಯದು.

ಫಿನಿಯಸ್ ಗೇಜ್ ಹುಟ್ಟಿದುದು 1823ರಲ್ಲಿ, ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದಲ್ಲಿ. ಇಪ್ಪತ್ತೈದನೆಯ ವಯಸ್ಸಿಗಾಗಲೇ ಅವನು ಕೂಲಿಗಳ ತಂಡವೊಂದರ ಮೇಲ್ವಿಚಾರಕನಾಗಿದ್ದನು. ಗಟ್ಟಿಮುಟ್ಟಾದ ಆಳು, ಲೆಕ್ಕಾಚಾರದಲ್ಲಿ ಚುರುಕು, ಹಾಕಿಕೊಂಡ ಯೋಜನೆಯನ್ನು ಪಟ್ಟುಬಿಡದೆ ನೆರವೇರಿಸುವವನು ಎಂದು ಹೆಸರಾಗಿದ್ದನು. ತನಗೆ ಒಪ್ಪುವಂತೆ ಕಮ್ಮಾರನಿಂದ ಮಾಡಿಸಿಕೊಂಡ ಒಂದು ಕಬ್ಬಿಣದ ಸಲಾಕೆ ಅವನ ಬಳಿ ಇತ್ತು. ಅದರ ಉದ್ದ ಮೂರೂವರೆ ಅಡಿಗೆ ತುಸು ಹೆಚ್ಚು; ತೂಕ ಸುಮಾರು 6 ಕಿಲೋಗ್ರಾಂ; ಒಂದು ತುದಿ ಚೂಪು, ಮೈಯೆಲ್ಲ ನುಣುಪು.

1848ರ ಸೆಪ್ಟೆಂಬರ್ 13ರ ಸಂಜೆ. ಸ್ಥಳ, ವರ್ಮಾಂಟ್ ಸಂಸ್ಥಾನದ ಕ್ಯಾವೆಂಡಿಷ್ ಊರಿನ ಸಮೀಪ. ಬಂಡೆಯಲ್ಲಿ ಕೊರೆದ ಕುಳಿಗೆ ಮದ್ದು ತುಂಬಿ, ಮೇಲೆ ಮರಳು ಸುರಿದು, ಸಲಾಕೆಯಿಂದ ಜಡಿಯುವುದು ಕ್ರಮ. ಮರಳು ಇನ್ನೂ ಬಿದ್ದಿರಲಿಲ್ಲ. ಹಿಂದಿದ್ದ ಕೂಲಿಗಳ ಕಡೆಗೆ ಗೇಜನ ಗಮನ ಒಂದು ಕ್ಷಣ ಹೊರಳಿತು. ಸಲಾಕೆ ಕಲ್ಲಿಗೆ ತಾಗಿ ಕಿಡಿ ಹಾರಿತು, ಮದ್ದು ಸಿಡಿಯಿತು. ಸಲಾಕೆಯು ಎಡಗೆನ್ನೆಯಿಂದ ಹೊಕ್ಕು, ಎಡಗಣ್ಣಿನ ಹಿಂದುಗಡೆಯಿಂದ ಹಾದು, ಮಿದುಳಿನ ಮುಂಭಾಗವನ್ನು ಸೀಳಿ, ನೆತ್ತಿಯಿಂದ ಹೊರಬಿದ್ದು ಬಹುದೂರ ಹೋಗಿ ಬಿತ್ತು.

ಸೋಜಿಗವೆಂದರೆ ಗೇಜನು ಸಾಯಲಿಲ್ಲ. ಕೆಲವೇ ನಿಮಿಷಗಳಲ್ಲಿ ಮಾತನಾಡಿದನು. ಎತ್ತಿನ ಗಾಡಿಯಲ್ಲಿ ನೆಟ್ಟಗೆ ಕುಳಿತು ತಾನಿಳಿದುಕೊಂಡಿದ್ದ ಹೋಟೆಲಿಗೆ ಬಂದನು. ವೈದ್ಯನಿಗೆ ನಡೆದುದನ್ನು ತಾನೇ ವಿವರಿಸಿದನು. ಮುಂದೆ ಗಾಯ ಕೀವುಗಟ್ಟಿ ಪ್ರಾಣಕ್ಕೆ ಸಂಚಕಾರ ಬಂದಾಗ ಆ ಊರಿನ ವೈದ್ಯ ಜಾನ್ ಹಾರ್ಲೋ ಎಂಬಾತನು ಹಗಲಿರುಳು ಶುಶ್ರೂಷೆ ಮಾಡಿ ಉಳಿಸಿಕೊಂಡನು. ಎಡಗಣ್ಣು ಹೋಯಿತು. ನವೆಂಬರ್ ಮುಗಿಯುವುದರೊಳಗೆ ಗೇಜನು ತನ್ನ ಮನೆಯನ್ನು ಸೇರಿದನು.

ದೇಹವೇನೋ ಉಳಿಯಿತು, ಆದರೆ ಹಿಂದಿನ ಮೇಸ್ತ್ರಿ ಉಳಿದಿರಲಿಲ್ಲ. ಹಾರ್ಲೋ ಬರೆದಿರುವಂತೆ, ಗೇಜನು ಗಳಿಗೆಗೊಂದು ಬುದ್ಧಿಯವನಾಗಿದ್ದನು. ಹಿಂದೆಂದೂ ಆಡದಿದ್ದ ಒರಟು ಮಾತು ಈಗ ನಾಲಗೆಗೆ ಬರುತ್ತಿತ್ತು. ಬುದ್ಧಿಮಾತು ತನ್ನ ಬಯಕೆಗೆ ಅಡ್ಡಬಂದರೆ ಸಹನೆ ತಪ್ಪುತ್ತಿತ್ತು. ಒಂದರಮೇಲೊಂದು ಯೋಜನೆ ಹೂಡುವನು, ಯಾವುದನ್ನೂ ಮುಟ್ಟಿಸದೆ ಕೈಬಿಡುವನು. ಇವನಂಥ ಮೇಸ್ತ್ರಿಯಿಲ್ಲವೆಂದು ಮೆಚ್ಚಿದ್ದ ಗುತ್ತಿಗೆದಾರರು ಮತ್ತೆ ಆ ಕೆಲಸವನ್ನು ಕೊಡಲಿಲ್ಲ. ಬಳಿಕ ಬಾಸ್ಟನ್ನಿನ ಶಸ್ತ್ರವೈದ್ಯ ಬಿಗೆಲೋ ಇವನನ್ನು ಪರೀಕ್ಷಿಸಿ, ದೇಹ ಮನಸ್ಸುಗಳೆರಡೂ ಬಹುಮಟ್ಟಿಗೆ ನೆಟ್ಟಗಾಗಿವೆಯೆಂದು ಸಾರಿದನು. ನಡೆದಾಡುವ, ಮಾತನಾಡುವ, ನೆನಪಿರುವ ಮನುಷ್ಯನಲ್ಲಿ ಕೊರತೆಯನ್ನು ಕಾಣುವುದಾದರೂ ಹೇಗೆ? ಆ ಕೊರತೆಯನ್ನು ಕಂಡವರು ಅವನ ಒಡನಾಡಿಗಳು.

ಸಲಾಕೆಯೊಡನೆ ಗೇಜನು ಕೆಲಕಾಲ ಜನರಿಗೆ ಪ್ರದರ್ಶನದ ವಸ್ತುವಾದನು. ಆಮೇಲೆ ಹ್ಯಾನೋವರಿನ ಒಂದು ಕುದುರೆ ಲಾಯದಲ್ಲಿ ದುಡಿದನು. ಇಲ್ಲಿಗೇ ಕಥೆಯನ್ನು ನಿಲ್ಲಿಸಿ, ಅವನು ಕೆಟ್ಟು ಅಲೆಮಾರಿಯಾದನೆಂದು ಹೇಳುವವರೇ ಹೆಚ್ಚು. ಆದರೆ ಬಾಳಿನ ಎರಡನೆಯ ಭಾಗ ತೊಡಗುವುದು ಇಲ್ಲಿಂದಲೇ. 1852ರಲ್ಲಿ ಅವನು ದಕ್ಷಿಣ ಅಮೆರಿಕದ ಚಿಲಿ ದೇಶಕ್ಕೆ ಹೋಗಿ, ವಾಲ್ಪರೈಸೊ ಮತ್ತು ಸಾಂಟಿಯಾಗೊ ನಡುವಣ ದಾರಿಯಲ್ಲಿ ಸಾರೋಟು ಹೊಡೆಯುವ ಉದ್ಯೋಗಕ್ಕೆ ಸೇರಿದನು. ಭಾರವಾದ ಬಂಡಿ, ಹಲವು ವೇಳೆ ಆರು ಕುದುರೆಗಳು, ಗುಡ್ಡಗಾಡಿನ ದಾರಿ, ತಿಳಿಯದ ಭಾಷೆ. ಕುದುರೆಗಳನ್ನು ಹೂಡಬೇಕು, ಪ್ರಯಾಣಿಕರನ್ನು ಸಂಭಾಳಿಸಬೇಕು, ಪ್ರತಿ ತಿರುವಿನಲ್ಲಿಯೂ ಮುಂದಿನದನ್ನು ಊಹಿಸಬೇಕು. ಸಂಕಲ್ಪಶಕ್ತಿ ಪೂರ್ತಿ ನಾಶವಾದವನಿಂದ ಇದು ಏಳು ವರ್ಷಗಳ ಕಾಲ ಸಾಗುವ ಕೆಲಸವಲ್ಲ. ಅಲ್ಲಿ ಅವನನ್ನು ಕಂಡು ಬಲ್ಲ ವೈದ್ಯನೊಬ್ಬನು ಅವನ ಬುದ್ಧಿಯಲ್ಲಿ ಯಾವ ಊನವನ್ನೂ ಕಾಣಲಿಲ್ಲ. ದಿನದಿನವೂ ಅದೇ ಕ್ರಮ, ಅದೇ ದಾರಿ, ಒಂದಾದಮೇಲೊಂದಾಗಿ ಗೊತ್ತಾದ ಕೆಲಸಗಳು: ಒಳಗೆ ಕಡಿದುಹೋದ ಕಟ್ಟನ್ನು ಹೊರಗಣ ಕಟ್ಟು ತುಂಬಿಕೊಟ್ಟಿತೆಂದು ಇತಿಹಾಸಕಾರ ಮ್ಯಾಲ್ಕಮ್ ಮ್ಯಾಕ್ಮಿಲನ್ ಊಹಿಸಿದ್ದಾನೆ.

1859ರಲ್ಲಿ ಆರೋಗ್ಯ ಕೆಟ್ಟು ಗೇಜನು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ತಾಯಿಯ ಬಳಿಗೆ ಬಂದನು. ಮರುವರ್ಷ ಮೂರ್ಛೆರೋಗ ಕಾಣಿಸಿಕೊಂಡು, 1860ರ ಮೇ 21ರಂದು, ಮೂವತ್ತಾರನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದನು. ಹಾರ್ಲೋನ ಕೋರಿಕೆಯಂತೆ ಮುಂದೆ ಅವನ ತಲೆಬುರುಡೆಯನ್ನು ಸಮಾಧಿಯಿಂದ ತೆಗೆಸಲು ಮನೆಯವರು ಒಪ್ಪಿದರು. 1868ರಲ್ಲಿ ಹಾರ್ಲೋ ಗೇಜನ ಸ್ವಭಾವ ಬದಲಾದ ಸಂಗತಿಯನ್ನು ವಿಸ್ತಾರವಾಗಿ ಪ್ರಕಟಿಸಿದನು.

2012ರಲ್ಲಿ ಸಂಶೋಧಕರು ಆ ತಲೆಬುರುಡೆಯ ಚಿತ್ರಗಳ ಮೇಲೆ ಆರೋಗ್ಯವಂತರ ಮಿದುಳಿನ ಚಿತ್ರಗಳನ್ನು ಹೊಂದಿಸಿ ಲೆಕ್ಕ ಹಾಕಿದರು. ಮಿದುಳಿನ ಹೊರಪದರದಲ್ಲಿ ನಾಶವಾದುದು ಸುಮಾರು ನೂರಕ್ಕೆ 4 ಪಾಲು. ಮಿದುಳಿನ ಭಾಗಗಳನ್ನು ಒಂದಕ್ಕೊಂದು ಬೆಸೆಯುವ ಬಿಳಿಯ ನರತಂತುಗಳಲ್ಲಾದರೋ ಸುಮಾರು 11 ಪಾಲು. ಎಂದರೆ ಗೇಜನಲ್ಲಿ ಹೆಚ್ಚಾಗಿ ಕೆಟ್ಟುದು ಮನೆಗಳಲ್ಲ, ಮನೆಯಿಂದ ಮನೆಗೆ ಹೋಗುವ ದಾರಿಗಳು. ಯೋಚಿಸಿ ಹೆಜ್ಜೆಯಿಡುವುದು, ಆವೇಗವನ್ನು ತಡೆಯುವುದು, ಹಿಡಿದ ಗುರಿಯನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವುದು — ವಿಜ್ಞಾನಿಗಳು ಕಾರ್ಯನಿರ್ವಹಣ ಶಕ್ತಿಯೆಂದು ಕರೆಯುವ ಇವೆಲ್ಲ ಮಿದುಳಿನ ಮುಂಭಾಗವು ಒಂಟಿಯಾಗಿ ನಡೆಸುವ ಆಡಳಿತವಲ್ಲ. ದೂರದೂರದ ಭಾಗಗಳ ಸಹಕಾರದಿಂದ ನಡೆಯುವ ವ್ಯವಹಾರ.

ಎ.ಡಿ.ಎಚ್.ಡಿ. ಎಂಬ ಗಮನದ ತೊಡಕುಳ್ಳ ವಯಸ್ಕರ ಮಿದುಳನ್ನು ಪರಿಶೀಲಿಸುವವರೂ ಇಂದು ಈ ಸಂಪರ್ಕಜಾಲಗಳನ್ನೇ ಅರಸುತ್ತಿದ್ದಾರೆ. ಎರಡನ್ನೂ ಒಂದೆಂದು ಭಾವಿಸಬಾರದು. ಗೇಜನದು ಒಂದು ಕ್ಷಣದಲ್ಲಿ ಬಿದ್ದ ಪೆಟ್ಟು. ಇವರದು ಬಾಲ್ಯದಿಂದಲೇ ತೋರುವ, ಬಹುಪಾಲು ವಂಶದಿಂದ ಬರುವ ಬೆಳವಣಿಗೆಯ ಭೇದ. ಇವರಲ್ಲಿ ಕಾಣುವ ವ್ಯತ್ಯಾಸಗಳು ಸೂಕ್ಷ್ಮವಾದವು. ಚಿತ್ರವೊಂದನ್ನು ನೋಡಿ ರೋಗನಿರ್ಣಯ ಮಾಡುವಂತಿಲ್ಲ. ಆದರೂ ಹೊರಗಿನವರು ಕಾಣುವುದು ಒಂದೇ ಬಗೆಯದು: ಅರ್ಧಕ್ಕೆ ನಿಂತ ಕೆಲಸ, ತಪ್ಪಿದ ಮಾತು, ಕಳೆದ ಹೊತ್ತು. ಇವರಿಗೂ ಔಷಧಿಯ ಜೊತೆಗೆ ನೆರವಾಗುವುದು ಗೊತ್ತಾದ ದಿನಚರಿ, ಬರೆದಿಟ್ಟ ಪಟ್ಟಿ, ಚಿಕ್ಕಚಿಕ್ಕದಾಗಿ ಒಡೆದ ಕೆಲಸ. ಗೇಜನಿಗೆ ಚಿಲಿಯ ದಾರಿ ಒದಗಿಸಿದಂಥ ಕಟ್ಟು.

ಗೇಜನ ತಲೆಬುರುಡೆಯೂ ಅವನು ಸಂಗಾತಿಯಂತೆ ಜೊತೆಗಿಟ್ಟುಕೊಂಡಿದ್ದ ಸಲಾಕೆಯೂ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ನೆತ್ತಿಯ ರಂಧ್ರವನ್ನು ಕಂಡವನು ಗೇಜನನ್ನು ಸೋಮಾರಿಯೆನ್ನಲಾರನು. ರಂಧ್ರ ಕಾಣದ ಕಡೆಯಲ್ಲಿಯೂ ಅಷ್ಟೇ ತಾಳ್ಮೆಯನ್ನು ತೋರುವುದು ನಮಗಿನ್ನೂ ಸಾಧಿಸಿಲ್ಲ. ತರಗತಿಯಲ್ಲಿ, ಕಚೇರಿಯಲ್ಲಿ, ಮನೆಯಲ್ಲಿ ಒಬ್ಬನನ್ನು ಅಪ್ರಯೋಜಕನೆಂದು ತಳ್ಳಿಹಾಕುವ ಮುನ್ನ, ಆರು ಕುದುರೆಗಳ ಲಗಾಮು ಹಿಡಿದು ಏಳು ವರ್ಷ ನಡೆದ ಆ ಒಕ್ಕಣ್ಣಿನ ಸಾರೋಟಿನವನನ್ನು ನೆನೆಯುವುದು ಒಳ್ಳೆಯದು.