ಎಂ. ಚಿನ್ನಸ್ವಾಮಿ

ಎಂ. ಚಿನ್ನಸ್ವಾಮಿ (29 ಮಾರ್ಚ್ 1900 – 8 ನವೆಂಬರ್ 1991) ಭಾರತದ ಕ್ರಿಕೆಟ್ ಆಡಳಿತಗಾರರಲ್ಲಿ ಪ್ರಮುಖರು. ಶ್ರೀರಂಗಪಟ್ಟಣ, ಪಾಂಡವಪುರ ಮುಂತಾದ ತಾಲ್ಲೂಕುಗಳನ್ನೊಳಗೊಂಡ ಮಂಡ್ಯ ಜಿಲ್ಲೆಯ ಇವರು ಮಂಡ್ಯ ಪಟ್ಟಣದಲ್ಲಿ ವಕೀಲರಾಗಿದ್ದರು.

ಇವರು ಇಂದಿನ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ 1953ರಿಂದ ಸುಮಾರು ಕಾಲು ಶತಮಾನ ಕಾರ್ಯದರ್ಶಿಯಾಗಿದ್ದರು. ಆಗ ಬೆಂಗಳೂರಿನ ರಣಜಿ ಪಂದ್ಯಗಳಿಗೆ ಸೆಂಟ್ರಲ್ ಕಾಲೇಜಿನ ಮೈದಾನವೇ ಆಸರೆ. ಸಂಸ್ಥೆಗೆ ಸ್ವಂತ ಕ್ರೀಡಾಂಗಣ ಬೇಕೆಂದು ಪಟ್ಟುಹಿಡಿದು ಕಬ್ಬನ್ ಉದ್ಯಾನದ ಸಮೀಪ ಅದನ್ನು ಕಟ್ಟಿಸಿದ್ದು ಇವರ ಮುಖ್ಯ ಸಾಧನೆ. ಅಲ್ಲಿನ ಮೊದಲ ಟೆಸ್ಟ್ ಪಂದ್ಯ 1974ರ ನವೆಂಬರ್‌ನಲ್ಲಿ ನಡೆಯಿತು. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಪದಾರ್ಪಣೆ ಮಾಡಿದ ಆ ಪಂದ್ಯದಲ್ಲಿ ವೆಸ್ಟ್ ಇಂಡೀಸ್ ಭಾರತವನ್ನು 267 ರನ್‌ಗಳಿಂದ ಸೋಲಿಸಿತು.

1977ರಿಂದ 1980ರವರೆಗೆ ಚಿನ್ನಸ್ವಾಮಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರಾಗಿದ್ದರು. ಒಂದೂ ಟೆಸ್ಟ್ ಆಡದ ಈ ವಕೀಲರ ಹೆಸರನ್ನೇ ಮುಂದೆ ಆ ಕ್ರೀಡಾಂಗಣಕ್ಕೆ ಇಡಲಾಯಿತು.